ಹುಣಸೆಕಟ್ಟೆಯ ಪೈಲಟ್

ಮನೆಅಳಿಯನ ಬೆಲೆ ಎಷ್ಟು ಅಂತ ತಿಳಿಯಬೇಕಾದರೆ ಭಾನುವಾರ ಮಧ್ಯಾಹ್ನ ಅವನ ತಟ್ಟೆ ನೋಡಬೇಕು. ಹುಣಸೆಕಟ್ಟೆಯ ಆನಂದಪ್ಪನವರ ಮನೆಯಲ್ಲಿ ಮಟನ್ ಸಾರು ಬಡಿಸುವುದಕ್ಕೆ ಒಂದು ಕ್ರಮವಿತ್ತು. ಲಿವರ್ ಆನಂದಪ್ಪನವರಿಗೆ. ನಲ್ಲಿಮೂಳೆ ನೆಂಟರಿಗೆ, ನೆಂಟರು ಬರದಿದ್ದ ದಿನ ಅದೂ ಆನಂದಪ್ಪನವರಿಗೆ. ಅಳಿಯ ನಂದಕುಮಾರನಿಗೆ ಏಳು ವರ್ಷದಿಂದ ಬೀಳುತ್ತಿದ್ದದ್ದು ಕುತ್ತಿಗೆ ಮೂಳೆಯ ಒಂದು ತುಂಡು, ಎರಡು ಆಲೂಗಡ್ಡೆ. ಅತ್ತೆ ದ್ರೌಪದಮ್ಮ ಕರುಣೆಯುಳ್ಳವರು. ಹಬ್ಬದ ದಿನ ಆಲೂಗಡ್ಡೆ ಮೂರಾಗುತ್ತಿತ್ತು.

ನಂದಕುಮಾರ ದಂಡಪಿಂಡವೇನೂ ಅಲ್ಲ. ಯಶವಂತಪುರದ ಈರುಳ್ಳಿ ಮಂಡಿಯೊಂದರಲ್ಲಿ ಬಿಲ್ ಹಾಕುತ್ತಿದ್ದ. ಆದರೆ ಎತ್ತರ ಕಂಡರೆ ಅವನ ಕಾಲು ನಡುಗುತ್ತಿತ್ತು. ಬಸ್ಸು ಫ್ಲೈಓವರ್ ಏರಿದರೆ ಕಣ್ಣು ಮುಚ್ಚಿಕೊಂಡು ಮುಂದಿನ ಸೀಟಿನ ಕಂಬಿ ಹಿಡಿಯುತ್ತಿದ್ದ. ಮನೆಯ ತಾರಸಿಗೆ ಮೆಟ್ಟಿಲಿರಲಿಲ್ಲ, ಏಣಿ ಇತ್ತು. ಅದನ್ನು ಹತ್ತಿ ನೀರಿನ ಟ್ಯಾಂಕ್ ತೊಳೆಯುತ್ತಿದ್ದವಳು ಅವನ ಹೆಂಡತಿ, ಪ್ರೈಮರಿ ಸ್ಕೂಲ್ ಟೀಚರ್ ಹರ್ಷಿತಾ. ಕೆಳಗೆ ನಿಂತು ಏಣಿ ಹಿಡಿದು 'ಹುಷಾರು, ಹುಷಾರು' ಅನ್ನುವುದು ಗಂಡನ ಪಾಲಿನ ಕೆಲಸ. ಬೀದಿಯವರೆಲ್ಲ ಇದನ್ನು ತಿಂಗಳಿಗೊಮ್ಮೆ ನೋಡಿ ಆನಂದಿಸುತ್ತಿದ್ದರು.

ಇಂಥ ಮನುಷ್ಯ ಸಂಜೆ ಆರೂವರೆಗೆ ಮಂಡಿಯಿಂದ ಬಂದು, ಕೈಕಾಲು ತೊಳೆದು, ಸಾಮಾನಿನ ಕೋಣೆಗೆ ಹೋಗಿ, ರಾಗಿ ಮೂಟೆಗಳ ನಡುವೆ ಕೂತು ಜಂಬೋ ಜೆಟ್ ಹಾರಿಸುತ್ತಿದ್ದ. ಕಂಪ್ಯೂಟರಿನಲ್ಲಿ. ಅದನ್ನು ಆಟ ಅಂದರೆ ಅವನಿಗೆ ಸಿಟ್ಟು, ಸಿಮ್ಯುಲೇಟರ್ ಅನ್ನಬೇಕು. ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಜಾಯ್‌ಸ್ಟಿಕ್ ಹಿಡಿದು, ಹೆಡ್‌ಫೋನ್ ಏರಿಸಿಕೊಂಡು, ಮೂಟೆಗಳಿಗೆ ಸೀಟ್ ಬೆಲ್ಟ್ ಕಟ್ಟಿಕೊಳ್ಳಲು ಇಂಗ್ಲಿಷಿನಲ್ಲಿ ವಿನಂತಿಸಿ ಹೊರಡುತ್ತಿದ್ದ. ಹೀಗೆ ಎಂಟುನೂರು ಗಂಟೆ ಹಾರಿದ್ದ. ಆ ಲೆಕ್ಕವನ್ನು ಸಿಮ್ಯುಲೇಟರೇ ಇಡುತ್ತದೆ. ಎಂಟುನೂರು ಗಂಟೆಯಲ್ಲಿ ಒಂದು ಸಲವೂ ವಿಮಾನವನ್ನು ನೆಟ್ಟಗೆ ಇಳಿಸಿರಲಿಲ್ಲ ಅನ್ನುವುದು ಬೇರೆ ಮಾತು. ಏರಿಸುತ್ತಿದ್ದ, ಸುತ್ತಿಸುತ್ತಿದ್ದ, ಇಳಿಸುವ ಹೊತ್ತಿಗೆ ಅದು ಹೆಬ್ಬಾಳದ ಫ್ಲೈಓವರಿಗೆ ಬಡಿದು ಚೂರಾಗುತ್ತಿತ್ತು. ಆಗ ಸ್ವಿಚ್ ಆರಿಸಿ ಊಟಕ್ಕೆ ಏಳುತ್ತಿದ್ದ. ಮುನ್ನೂರು ಜನ ಪ್ರಯಾಣಿಕರು ಸತ್ತ ಮೇಲೂ ಮುದ್ದೆ ಬಿಸಿಯಾಗಿಯೇ ಇರುತ್ತಿತ್ತು.

ಸಿಮ್ಯುಲೇಟರಿನ ಬೆಂಗಳೂರಿನಲ್ಲಿ ಕೆರೆಗಳು ಸರಿಯಾಗಿರಲಿಲ್ಲ. ನಂದಕುಮಾರ ಒಂದು ವರ್ಷ ಕೂತು ಹೆಬ್ಬಾಳ, ಯಲಹಂಕ ಕಡೆಯ ಕೆರೆಗಳನ್ನೆಲ್ಲ ಬರೆದು ಸೇರಿಸಿದ. ಕೊನೆಗೆ ತನ್ನೂರಿನ ಹುಣಸೆಕಟ್ಟೆ ಕೆರೆಯನ್ನೂ ಬರೆದ. ಅಬ್ಬಿಗೆರೆಗೂ ಚಿಕ್ಕಬಾಣಾವರಕ್ಕೂ ನಡುವೆ ಇರುವ ಈ ಕೆರೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಹಸಿರು ಚುಕ್ಕೆಯಂತೆ ಕಾಣುತ್ತಿತ್ತು. ಹಾಗಾಗಿ ಅವನು ಮಾವನ ಟ್ರಂಕಿನಲ್ಲಿ ಹಳೇ ಪಂಚೆಯೊಳಗೆ ಸುತ್ತಿಟ್ಟಿದ್ದ ತಾತನ ಕಾಲದ ಗ್ರಾಮ ನಕ್ಷೆ ನೋಡಿಕೊಂಡು ಬರೆದ. ಬರೆದದ್ದನ್ನು ತನ್ನಂಥ ಹುಚ್ಚರು ಸೇರುವ ವೆಬ್‌ಸೈಟಿಗೆ ಹಾಕಿದ.

ಅದನ್ನು ನೋಡಿದವಳು ಬಿಂದುಶ್ರೀ. ಸಹಕಾರನಗರದ ಹುಡುಗಿ, ನೀರುಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಜಕ್ಕೂರಿನಿಂದ ಇಬ್ಬರು ಕೂರುವ ಪುಟ್ಟ ವಿಮಾನದಲ್ಲಿ ಹಾರಿ, ಉತ್ತರ ಬೆಂಗಳೂರಿನ ಕೆರೆಗಳ ಹಕ್ಕಿಗಳನ್ನು ಮೇಲಿನಿಂದ ಎಣಿಸುವುದು ಅವಳ ಯೋಜನೆ. ಹಾರುವ ಮೊದಲು ದಾರಿಯನ್ನು ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಲು ನಂದಕುಮಾರನ ಕೆರೆಗಳು ಬೇಕಿದ್ದವು. ಈಮೇಲಿನಲ್ಲಿ ಮಾತಾಯಿತು. ಆದರೆ ಅವಳ ವಿಭಾಗದ ಕಡತಕ್ಕೆ ಸೀಲು ಬಿದ್ದ ಕಾಗದ ಬೇಕು. ಆದ್ದರಿಂದ ಅವಳು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಇಂಗ್ಲಿಷ್ ಪತ್ರ ಕಳಿಸಿದಳು. ಅನಾಹುತಗಳಿಗೆಲ್ಲ ಸೀಲು ಇದ್ದೇ ಇರುತ್ತದೆ.

ಪತ್ರ ಬಂದಾಗ ನಂದಕುಮಾರ ಮಂಡಿಯಲ್ಲಿದ್ದ. ಸೀಲು ಕಂಡು ಬೆವರಿದ ಆನಂದಪ್ಪನವರು ಅದನ್ನು ಮುನೀಂದ್ರನಿಗೆ ಕೊಟ್ಟರು. ಮುನೀಂದ್ರ ಮುಂದಿನ ಚುನಾವಣೆಗೆ ನಿಲ್ಲಲು ಹಿಂದಿನ ಮೂರು ಚುನಾವಣೆಯಿಂದ ತಯಾರಾಗುತ್ತಿದ್ದ ಯುವ ಮುಖಂಡ. ಇಂಗ್ಲಿಷ್ ಓದುವುದರಲ್ಲಿ ಅವನದೊಂದು ಪದ್ಧತಿ ಇತ್ತು: ಉದ್ದದ ಪದ ಬಂದರೆ ಹಾರಿಸಿಬಿಡುವುದು. ಸಿಮ್ಯುಲೇಟರ್ ಉದ್ದದ ಪದ, ಹಾರಿಹೋಯಿತು. ಸಂಶೋಧನೆಯೂ ಹಾರಿತು. ಉಳಿದದ್ದಿಷ್ಟು: ಎಂಟುನೂರು ಗಂಟೆ ವಿಮಾನ ಹಾರಿಸಿದ ಅನುಭವ, ಹುಣಸೆಕಟ್ಟೆ ಕೆರೆ, ಸರ್ವೆ, ತಮ್ಮ ಸಹಾಯ, ವಂದನೆಗಳು.

ಆನಂದಪ್ಪನವರು ಪತ್ರವನ್ನು ತಿರುಗಿಸಿ ಹಿಂದೆಯೂ ನೋಡಿದರು. "ನಮ್ ನಂದಕುಮಾರಾನಾ? ಏಣಿ ಹತ್ತಲ್ವಲ್ಲೋ ಅವನು."

"ಮಾವ, ವಿಮಾನಕ್ಕೆ ಏಣಿ ಯಾಕೆ? ಅದೇ ಎತ್ಕೊಂಡ್ ಹೋಗತ್ತೆ," ಎಂದ ಮುನೀಂದ್ರ.

ಮರುದಿನ ಬೆಳಿಗ್ಗೆ ಬಸ್ ಸ್ಟಾಪಿನ ಹತ್ತಿರ ಹನ್ನೆರಡು ಅಡಿಯ ಫ್ಲೆಕ್ಸ್ ಎದ್ದಿತ್ತು. 'ಹುಣಸೆಕಟ್ಟೆಯ ಹೆಮ್ಮೆಯ ಅಳಿಯ, ಗಗನಧೀರ, ಪೈಲಟ್ ನಂದಕುಮಾರ್ ಅವರಿಗೆ ಹಾರ್ದಿಕ ಅಭಿನಂದನೆಗಳು.' ಮಧ್ಯದಲ್ಲಿ ಕೈಮುಗಿದ ಮುನೀಂದ್ರ. ಮೂಲೆಯಲ್ಲಿ, ಮುನೀಂದ್ರನ ಮೊಣಕೈ ಅಳತೆಯಲ್ಲಿ, ನಂದಕುಮಾರ. ಬೇರೆ ಫೋಟೋ ಸಿಗದ ಕಾರಣ ಮದುವೆಯದ್ದನ್ನೇ ಹಾಕಿದ್ದರು; ಬಾಸಿಂಗದ ಮೇಲೆ ಪೈಲಟ್ ಟೋಪಿ ಕೂತಿತ್ತು.

ನಂದಕುಮಾರ ಸತ್ಯ ಹೇಳಲು ಬಾಯಿ ತೆರೆದದ್ದು ಭಾನುವಾರ ಮಧ್ಯಾಹ್ನ, ಊಟಕ್ಕೆ ಕೂತಾಗ. ಬಾಯಿ ತೆರೆಯುವುದಕ್ಕೂ ದ್ರೌಪದಮ್ಮ ತಟ್ಟೆಗೆ ಲಿವರ್ ಹಾಕುವುದಕ್ಕೂ ಸರಿಹೋಯಿತು. ಎರಡು ತುಂಡು. "ತಗೊಳ್ಳಿ ಅಳಿಯಂದ್ರೇ," ಎಂದರು ಆನಂದಪ್ಪನವರು. ಏಳು ವರ್ಷ ಏಕವಚನದಲ್ಲಿದ್ದವನು ಒಮ್ಮೆಲೇ ಬಹುವಚನವಾಗಿದ್ದ. ತೆರೆದ ಬಾಯಿಗೆ ಲಿವರ್ ಇಟ್ಟುಕೊಂಡ. ಅಗಿಯುವಾಗ ಮಾತಾಡಬಾರದು ಅಂತ ಹಿರಿಯರು ಹೇಳಿದ್ದಾರೆ.

ಕೈ ತೊಳೆಯುವಾಗ ಹರ್ಷಿತಾ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು. "ರೀ, ಯಾವಾಗ ಹೇಳ್ತೀರಾ?"

"ಮುಂದಿನ ವಾರ."

"ಮುಂದಿನ ವಾರಾನೂ ಲಿವರ್ ತರ್ತಾರೆ."

ಅವಳು ಹೇಳಿದ್ದು ಸರಿ. ಆದರೆ ಮುಂದಿನ ವಾರದ ಹೊತ್ತಿಗೆ ಊರು ಪತ್ರದ ಇನ್ನೊಂದು ಪದವನ್ನು ಹಿಡಿದುಕೊಂಡಿತ್ತು. ಸರ್ವೆ.

ಇಲ್ಲಿ ಊರಿನ ಒಂದು ಗುಟ್ಟು ಹೇಳಬೇಕು. ಎಲ್ಲರಿಗೂ ಗೊತ್ತಿದ್ದು ಯಾರೂ ಆಡದಿರುವುದಕ್ಕೆ ಗುಟ್ಟು ಅನ್ನುವುದಾದರೆ ಇದು ಗುಟ್ಟು. ಹುಣಸೆಕಟ್ಟೆ ಕೆರೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತಿತ್ತು, ಅದು ಸರಿದ ಜಾಗಕ್ಕೆ ಊರು ಸ್ವಲ್ಪ ಸ್ವಲ್ಪ ಮುಂದೆ ಬರುತ್ತಿತ್ತು. ಆನಂದಪ್ಪನವರು ಬಾಡಿಗೆಗೆ ಕೊಟ್ಟಿದ್ದ ಹನ್ನೊಂದು ಶೀಟಿನ ಮನೆಗಳು ಹೀಗೆ ಬಂದವು. ಪಕ್ಕದ ವೆಂಕಟಸ್ವಾಮಿಯ ದನದ ಕೊಟ್ಟಿಗೆ, ಅದರ ಹಿಂದಿನ ಗೋಡೌನು, ಅದರ ಹಿಂದಿನ ಇನ್ನೊಂದು ಗೋಡೌನು ಹೀಗೆ ಬಂದವು. ನೆಲದ ಮೇಲಿನಿಂದ ಸರ್ವೆಗೆ ಬಂದವರಿಗೆ ಕಾಫಿ ಕೊಟ್ಟು ಇನ್ನೊಂದು ದಿಕ್ಕು ತೋರಿಸಬಹುದು. ಆಕಾಶದಿಂದ ನೋಡುವವನಿಗೆ ಏನು ತೋರಿಸುವುದು?

ಮೊದಲು ಬಂದವನು ವೆಂಕಟಸ್ವಾಮಿ, ಒಂದು ನಾಟಿ ಹುಂಜದ ಜೊತೆ. ಆನಂದಪ್ಪನವರ ಮನೆ ಹೊಸ್ತಿಲನ್ನು ಅವನು ತುಳಿದು ಒಂಬತ್ತು ವರ್ಷವಾಗಿತ್ತು. ಹುಂಜವನ್ನು ಕಂಬಕ್ಕೆ ಕಟ್ಟಿ, ಹವಾಮಾನದ ಬಗ್ಗೆ ಮಾತಾಡಿ, ನಮ್ಮ ಕೊಟ್ಟಿಗೆ ಹತ್ತಿರ ಬಂದಾಗ ವಿಮಾನವನ್ನು ಸ್ವಲ್ಪ ಆಚೆ ಕಡೆ ವಾಲಿಸಲು ಆಗುತ್ತದೆಯೇ ಎಂದು ವಿಚಾರಿಸಿದ. ಆಮೇಲೆ ಬಂದವರು ಅವರವರ ಯೋಗ್ಯತೆಗೆ ತಕ್ಕಂತೆ ಅವರೆಕಾಯಿ, ಹಲಸು, ತುಪ್ಪ ತಂದರು. ಒಬ್ಬರು ತಮ್ಮ ಸೈಟಿನ ಮೇಲೆ ಬಂದಾಗ ಮಾತ್ರ ಮೋಡದ ಒಳಗೆ ಹೋಗಲು ಕೇಳಿಕೊಂಡರು. ಏನೂ ತರದೆ ಬಂದವಳು ಊರಂಚಿನ ಮುದುಕಿ ಮುನಿಕೃಷ್ಣಮ್ಮ ಒಬ್ಬಳೇ. ಅವಳದು ಕೆರೆಯಲ್ಲಿ ಏನೂ ಇರಲಿಲ್ಲ. "ನನ್ ಮೇಕೆ ಕಳ್ದೋಗಿ ನಾಕ್ ದಿನ ಆತು ಕಣಪ್ಪ. ಮ್ಯಾಲಿಂದ ಕಂಡ್ರೆ ಯೋಳು," ಅಂದು ಹೋದಳು.

ನಂದಕುಮಾರ ಹೆದರಿದ. ಇದು ಲಿವರಿನ ಮಟ್ಟ ಮೀರಿ ಹೋಗುತ್ತಿದೆ ಅನ್ನಿಸಿ, ಜಗುಲಿಯಲ್ಲಿ ಎಲ್ಲರೂ ಇದ್ದಾಗ, ಇದು ಬರೀ ಹಕ್ಕಿ ಎಣಿಸುವ ಸರ್ವೆ ಎಂದು ಹೇಳಿಯೇ ಬಿಟ್ಟ.

ವೆಂಕಟಸ್ವಾಮಿ ಆನಂದಪ್ಪನವರ ಕಡೆ ತಿರುಗಿ ಮೆಚ್ಚುಗೆಯಿಂದ ತಲೆದೂಗಿದ. "ನೋಡ್ದಾ, ಎಷ್ಟ್ ಗಟ್ಟಿ ಮನುಷ್ಯ ನಿನ್ ಅಳಿಯ. ಬಾಯೇ ಬಿಡಲ್ಲ. ಹಕ್ಕಿ ಎಣ್ಸಕ್ಕೆ ಯಾರಾದ್ರೂ ವಿಮಾನ ತರ್ತಾರೇನಯ್ಯ?"

ನಂದಕುಮಾರ ತನ್ನ ಜೀವನದಲ್ಲಿ ಆ ವಿಷಯದಲ್ಲಿ ಆಡಿದ ಸತ್ಯ ಅದೊಂದೇ. ಅದನ್ನು ಯಾರೂ ನಂಬಲಿಲ್ಲ. ಸತ್ಯಕ್ಕೆ ಬೇಕಾದ ಮರ್ಯಾದೆ ಸಲ್ಲಿಸಿದ್ದಾಯಿತು ಎಂದು ಅವನೂ ಹಗುರಾದ.

ಹಾರುವ ದಾರಿಯನ್ನು ಮೊದಲೇ ನೋಡಬೇಕು ಎಂದು ಆನಂದಪ್ಪನವರು ಪಟ್ಟು ಹಿಡಿದರು. ಸಾಮಾನಿನ ಕೋಣೆಯಲ್ಲಿ ಎಂಟು ಜನ ರಾಗಿ ಮೂಟೆಗಳ ಮೇಲೆ ಕೂತರು. ನಂದಕುಮಾರ ಜಕ್ಕೂರಿನಿಂದ ಏರಿದ. ಹೆಬ್ಬಾಳ ದಾಟಿತು, ರೈಲು ಹಳಿ ಬಂತು, ಅಬ್ಬಿಗೆರೆ ಬಂತು. ಆಮೇಲೆ ಹುಣಸೆಕಟ್ಟೆ ಬಂತು.

ನೀರು. ಪರದೆಯ ತುಂಬ ನೀಲಿ ನೀರು. ನಲವತ್ತು ಎಕರೆ ಕೆರೆ ಏರಿಯಿಂದ ಏರಿಗೆ ತುಂಬಿ ಹೊಳೆಯುತ್ತಿತ್ತು. ಹನ್ನೊಂದು ಮನೆ ಇರಲಿಲ್ಲ. ಕೊಟ್ಟಿಗೆ ಇರಲಿಲ್ಲ, ಗೋಡೌನು ಇರಲಿಲ್ಲ, ಅದರ ಹಿಂದಿನ ಗೋಡೌನೂ ಇರಲಿಲ್ಲ. ತಾತನ ನಕ್ಷೆಯಲ್ಲಿ ಇಲ್ಲದ್ದನ್ನು ನಂದಕುಮಾರ ಬರೆದಿರಲಿಲ್ಲ.

'ನನ್ನ ಮನೆ ಎಲ್ಲಿ' ಅಂತ ಎಂಟು ಜನಕ್ಕೂ ಕೇಳಬೇಕಿತ್ತು. ಕೇಳಿದರೆ ಮನೆ ಕೆರೆಯಲ್ಲಿತ್ತು ಅಂತ ಉಳಿದ ಏಳು ಜನರ ಮುಂದೆ ಒಪ್ಪಿಕೊಂಡ ಹಾಗೆ. ಕೊನೆಗೆ ದ್ರೌಪದಮ್ಮನೇ ಕೇಳಿದರು. "ಇದು ಆಗ್ಲೇ ಒಡೆದು ಹಾಕಿರೋದಾ, ಇನ್ ಮೇಲೆ ಒಡೆಯೋದಾ?"

ಅಷ್ಟರಲ್ಲಿ ವಿಮಾನ ಮೂತಿ ಕೆಳಗೆ ಮಾಡಿ ಕೆರೆಗೇ ಬಿತ್ತು. ಆನಂದಪ್ಪನವರ ನಾಲ್ಕನೇ ಮನೆಯ ಅಡುಗೆಕೋಣೆ ಇರಬೇಕಾದ ಜಾಗದಲ್ಲಿ.

ಆಮೇಲಿನ ಉಪಾಯ ನಂದಕುಮಾರನದೇ. ಎಂಟು ಜೊತೆ ಕಣ್ಣು ತನ್ನನ್ನು ನುಂಗುತ್ತಿದ್ದಾಗ, ಏನಾದರೂ ಹೇಳಲೇಬೇಕಿದ್ದಾಗ, ಪೈಲಟ್ ಗಾಂಭೀರ್ಯದಿಂದ ಹೇಳಿದ: "ಮೇಲಿಂದ ನೋಡೋರಿಗೆ ಬೂದಿ ಬಣ್ಣ ಕಂಡ್ರೆ ಮನೆ. ಹಸಿರು ಕಂಡ್ರೆ ಕೆರೆ. ಅಷ್ಟೇ."

ಹುಣಸೆಕಟ್ಟೆಯವರು ಅಷ್ಟು ಒಗ್ಗಟ್ಟಿನಿಂದ ಕೆಲಸ ಮಾಡಿದ್ದು ಅದೇ ಮೊದಲು. ಚರಂಡಿ ಕಟ್ಟಿಕೊಂಡಾಗ ಯಾರೂ ಬಂದಿರಲಿಲ್ಲ. ಈಗ ಮೂರು ದಿನ ಟ್ರಾಕ್ಟರುಗಳು ಓಡಾಡಿದವು. ಕೆರೆಯಲ್ಲಿ ಉಳಿದಿದ್ದ ಜೊಂಡನ್ನೂ ಅಂತರಗಂಗೆಯನ್ನೂ ಕೆಸರಿನ ಸಮೇತ ಬಾಚಿ ತಂದು ಶೀಟುಗಳ ಮೇಲೆ, ಆನಂದಪ್ಪನವರ ಸ್ವಂತ ಮನೆಯದೂ ಸೇರಿ ತಾರಸಿಗಳ ಮೇಲೆ, ಗೋಡೌನುಗಳ ಮೇಲೆ ಹಾಸಿದರು. ಬಾಡದಿರಲಿ ಅಂತ ಕೆಳಗೆ ಟಾರ್ಪಾಲು ಹಾಕಿ ವರದಿ ಬರುವವರೆಗೂ ದಿನಕ್ಕೆರಡು ಸಲ ಪೈಪಿನಲ್ಲಿ ನೀರು ಬಿಟ್ಟರು. ಒಳಗಿನ ಬಾಡಿಗೆದಾರರು ಕೊಡೆ ಹಿಡಿದು ಅಡುಗೆ ಮಾಡಿದರು. ಕೆಸರಿನೊಳಗೆ ಬಸವನಹುಳು, ಕಪ್ಪೆಮರಿ, ಸಣ್ಣ ಏಡಿ ಎಲ್ಲ ಬಂದಿದ್ದವು. ಅವುಗಳನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಹಾರುವ ದಿನ ಟೆಂಪೋ ಟ್ರಾವೆಲರ್ ಮಾಡಿಕೊಂಡು ಇಪ್ಪತ್ತು ಜನ ಜಕ್ಕೂರಿಗೆ ಬಂದರು. ನಂದಕುಮಾರನ ಕೊರಳಲ್ಲಿ ಸುಗಂಧರಾಜದ ಹಾರ. ವಿಮಾನದ ಚಕ್ರಕ್ಕೆ ಇಡಲು ಮುನೀಂದ್ರ ಮೂರು ನಿಂಬೆಹಣ್ಣು ತಂದಿದ್ದ. ಗೇಟಿನ ಕಾವಲಿನ ಖಾದರ್ ಬಾಷಾ ಹಾರ ಹಾಕಿದವರನ್ನು ಮಾತ್ರ ಒಳಗೆ ಬಿಟ್ಟು, ನಿಂಬೆಹಣ್ಣು ವಶಪಡಿಸಿಕೊಂಡ.

ಒಳಗೆ ಬಿಂದುಶ್ರೀ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ನಿಜವಾದ ಪೈಲಟ್ ಇದ್ದ, ಮಾತು ಕಡಿಮೆಯ ನಿವೃತ್ತ ಮನುಷ್ಯ. ನಂದಕುಮಾರ ದಾರಿಯುದ್ದಕ್ಕೂ ತಯಾರು ಮಾಡಿಕೊಂಡಿದ್ದ ಭಾಷಣ ತೆಗೆದ: ತಲೆಸುತ್ತು, ಬಿ.ಪಿ., ಡಾಕ್ಟರು ಬೇಡ ಅಂದಿದ್ದಾರೆ, ಹಾರಲು ಆಗುವುದಿಲ್ಲ.

ಬಿಂದುಶ್ರೀ ಹಾರವನ್ನು ನೋಡಿದಳು. "ಸರ್, ನಿಮ್ಮನ್ನ ಹಾರೋಕೆ ಯಾರ್ ಕರೆದ್ರು? ಇಬ್ಬರಿಗೇ ಜಾಗ ಇರೋದು. ನೀವು ಫೈಲ್ ಕಳ್ಸಿದ್ರಲ್ಲ, ಅಷ್ಟೇ ಬೇಕಿತ್ತು."

ಅವನಿಗೆ ಆದ ಸಮಾಧಾನಕ್ಕೆ ಹೋಲಿಕೆ ಇಲ್ಲ. ಆದ ಅವಮಾನವೂ ಸುಮಾರಾಗಿಯೇ ಇತ್ತು. ಪುಟ್ಟ ವಿಮಾನ ಹೊಲಿಗೆ ಮೆಷಿನ್ನಿನಂತೆ ಸದ್ದು ಮಾಡುತ್ತ ಏರಿತು. ಗೇಟಿನ ಆಚೆ ಇಪ್ಪತ್ತು ಜನ ಎರಡು ಹೆಲ್ಮೆಟ್ ಕಂಡು ಕೈ ಬೀಸಿದರು. ದ್ರೌಪದಮ್ಮ ಅಲ್ಲಿಂದಲೇ ದೃಷ್ಟಿ ನಿವಾಳಿಸಿದರು. ಗಗನಧೀರ ಹ್ಯಾಂಗರಿನ ಹಿಂದೆ ಖಾದರ್ ಬಾಷಾನ ಸ್ಟೂಲಿನ ಮೇಲೆ ಕೂತು, ಒಂದೂವರೆ ಗಂಟೆ, ಅವನು ಹಿಂಡಿಕೊಟ್ಟ ನಿಂಬೆ ಶರಬತ್ತು ಕುಡಿದ.

ಆ ಭಾನುವಾರ ಅವನಿಗೆ ಲಿವರಿನ ಜೊತೆಗೆ ನಲ್ಲಿಮೂಳೆಯೂ ಬಂತು. ಆನಂದಪ್ಪನವರು ಕುತ್ತಿಗೆ ಮೂಳೆಯನ್ನು ತಾವೇ ಇಟ್ಟುಕೊಂಡರು. ಬಡಿಸಿದ ಹರ್ಷಿತಾ ಬೆಳಿಗ್ಗೆ ಟ್ಯಾಂಕ್ ನೋಡಲು ಏಣಿ ಹತ್ತಿದ್ದಳು, ತಾರಸಿಯ ಜೊಂಡಿನಲ್ಲಿ ಏನು ಬಂದು ಕೂತಿದೆ ಅಂತ ಕಂಡಿದ್ದಳು.

ಎರಡು ತಿಂಗಳಿಗೆ ಬಿಂದುಶ್ರೀಯ ವರದಿಯ ಪ್ರತಿ ಬಂತು. ಜೊತೆಗೆ ಮೇಲಿನಿಂದ ತೆಗೆದ ಫೋಟೋ. ಮುನೀಂದ್ರ ಜಗುಲಿಯಲ್ಲಿ ನಿಂತು, ಉದ್ದದ ಪದಗಳನ್ನು ಬಿಟ್ಟು, ಓದಿ ಹೇಳಿದ: ಕೆರೆಯಲ್ಲಿ ಮನೆ ಇಲ್ಲ. ಕೆರೆ ದೊಡ್ಡದಾಗಿದೆ. ಹಕ್ಕಿ ಬಹಳ. ಊರು ಪಟಾಕಿ ಹೊಡೆಯಿತು. ವೆಂಕಟಸ್ವಾಮಿ ಮತ್ತು ಆನಂದಪ್ಪನವರು ಒಂಬತ್ತು ವರ್ಷದ ಮೇಲೆ ತಬ್ಬಿಕೊಂಡರು.

ಹಾರಿಸಿದ ಪದಗಳನ್ನು ಹರ್ಷಿತಾ ಸಂಜೆ ಓದಿದಳು. ಹುಣಸೆಕಟ್ಟೆಯ ಪೂರ್ವ ದಂಡೆಯಲ್ಲಿ ದಟ್ಟವಾದ ಜೌಗು ಬೆಳೆದಿದೆ. ಬೇರೆ ಯಾವ ಕೆರೆಯಲ್ಲೂ ಕಾಣದಷ್ಟು ಬೆಳ್ಳಕ್ಕಿ, ಕೊಕ್ಕರೆ, ಜಂಬುಕೋಳಿ ಅಲ್ಲಿ ಸೇರಿವೆ, ಕೆಲವು ಗೂಡು ಕಟ್ಟಲು ತೊಡಗಿವೆ. ಕೂಡಲೇ ಬೇಲಿ ಹಾಕಿ ಕಾಪಾಡಬೇಕು. ನಡುವೆ ಒಂದು ದಿನ ಬಿಂದುಶ್ರೀ ನಡೆದು ನೋಡಲು ಬಂದಿದ್ದಳು. ಅಲ್ಲಿ ಹಾವಿದೆ ಎಂದು ಮಜ್ಜಿಗೆ ಕೊಟ್ಟು ವಾಪಸ್ ಕಳಿಸಿದವರು ಆನಂದಪ್ಪನವರೇ.

ಬೇಲಿಯವರು ಬಂದರು. ಕೆರೆಗಳ ಆಫೀಸಿನ ಸರ್ವೆಯರ್ ಹಬೀಬುಲ್ಲಾ ಸಾಹೇಬರು ಒಳ್ಳೆ ಮನುಷ್ಯ, ವಿನಯವಂತರು. ಒಂದು ಕೈಯಲ್ಲಿ ಫೋಟೋ ಹಿಡಿದು, ಇನ್ನೊಂದು ಕೈಯಲ್ಲಿ ಫಾರಂ ಹಿಡಿದು, ಜೊಂಡು ಹೊದ್ದುಕೊಂಡು ಸಾಲಾಗಿ ನಿಂತಿದ್ದ ಹನ್ನೊಂದು ಬಾಗಿಲುಗಳನ್ನು ನೋಡಿದರು. ಒಂದು ಬಾಗಿಲಲ್ಲಿ ಹೆಂಗಸೊಬ್ಬಳು ಕೊಡೆ ಹಿಡಿದು ಸೊಪ್ಪು ಬಿಡಿಸುತ್ತಿದ್ದಳು.

"ಯಜಮಾನ್ರೆ, ಎರಡೇ ಕಾಲಂ ಇರೋದು," ಎಂದರು ಸಾಹೇಬರು. "ಇಲ್ಲಿ ಮನೆ ಇದೆ ಅಂದ್ರೆ ಹೇಳಿ, ಕೆರೇಲಿ ಯಾಕಿದೆ ಅಂತ ಬರ್ಕೊಳ್ತೀನಿ. ಮನೆ ಇಲ್ಲ ಅಂದ್ರೆ ಹೇಳಿ, ಬೇಲಿ ಹಾಕಿಸ್ತೀನಿ."

ಆನಂದಪ್ಪನವರು ಮನೆಗಳನ್ನು ನೋಡಿದರು, ಫಾರಂ ನೋಡಿದರು, ಕೊನೆಗೆ ಅಳಿಯನನ್ನು ನೋಡಿದರು. ಆಮೇಲೆ 'ಮನೆ ಇಲ್ಲ' ಅನ್ನುವ ಕಾಲಮ್ಮಿನಲ್ಲಿ ರುಜು ಹಾಕಿದರು. ಒಬ್ಬರ ಹಿಂದೆ ಒಬ್ಬರು ಎಲ್ಲರೂ ಹಾಕಿದರು. ನಾಲ್ಕು ದಿನದಲ್ಲಿ ಮುಳ್ಳುತಂತಿ ಸುತ್ತಿಕೊಂಡಿತು, ಪಕ್ಷಿಗಳಿಗೆ ತೊಂದರೆ ಕೊಡಬಾರದೆಂಬ ಬೋರ್ಡು ಬಂತು. ಬೇಲಿಯ ಒಳಗೆ ಸಿಕ್ಕ ಬಾಡಿಗೆದಾರರು ಸೊಂಟ ಬಗ್ಗಿಸಿ ತಂತಿ ನುಸುಳಿ ಕೆಲಸಕ್ಕೆ ಹೋಗುತ್ತಿದ್ದರು. ಒಂದನೇ ತಾರೀಕು ಬಾಡಿಗೆ ಕೇಳಲು ಹೋದ ಆನಂದಪ್ಪನವರಿಗೆ, ಇಲ್ಲಿ ಮನೆಯೇ ಇಲ್ಲವಲ್ಲ ಯಜಮಾನ್ರೆ ಎಂದು ನೆನಪಿಸಿದರು.

ಭಾನುವಾರ ನಂದಕುಮಾರನ ತಟ್ಟೆಗೆ ಸಾರು ಬಿತ್ತು. ಬರೀ ಸಾರು. ಆಲೂಗಡ್ಡೆಯೂ ಇಲ್ಲ.

"ಊಟ ಆದ್ಮೇಲೆ ತಾರಸಿ ಹತ್ತು," ಎಂದರು ಆನಂದಪ್ಪನವರು. ಬಹುವಚನ ಹೋಗಿತ್ತು. "ನಮ್ ಮನೆ ಮೇಲಾದ್ರೂ ಆ ಸೊಪ್ಪು ತೆಗಿ. ಈ ಸಲ ನನ್ ಮಗಳು ಹತ್ತಲ್ಲ."

ಹರ್ಷಿತಾ ಏಣಿ ಹಿಡಿದಳು. "ಹುಷಾರು, ಹುಷಾರು," ಅಂದಳು. ಏಳು ವರ್ಷದಿಂದ ಕಾದಿದ್ದವಳಂತೆ ಅಂದಳು. ಬೀದಿ ಜನ ಸೇರಿದರು. ನಂದಕುಮಾರ ಕಣ್ಣು ಮುಚ್ಚಿ ಏಣಿಯ ಹದಿನಾಲ್ಕು ಮೆಟ್ಟಿಲು ಹತ್ತಿ, ತಾರಸಿಯ ಮೇಲೆ ನಾಲ್ಕು ಕಾಲಲ್ಲಿ ಹೋಗಿ ಕಣ್ಣು ತೆರೆದ. ಎದುರಿಗೆ ಬೆಳ್ಳಕ್ಕಿಯೊಂದು ಗೂಡಿನಲ್ಲಿ ಕೂತು ಅವನನ್ನು ಅನುಮಾನದಿಂದ ನೋಡುತ್ತಿತ್ತು. ಬೋರ್ಡಿನ ಪ್ರಕಾರ ಅದನ್ನು ಮುಟ್ಟುವಂತಿಲ್ಲ. ಹಿಂದಕ್ಕೆ ಏಣಿಯ ಕಡೆ ತಿರುಗಿದ. ಏಣಿಯ ತುದಿಯ ಕೆಳಗೆ ಬೀದಿ ಆಳವಾಗಿ, ಬಹಳ ಆಳವಾಗಿ, ಕಂಡಿತು. ಟ್ಯಾಂಕನ್ನು ತಬ್ಬಿಕೊಂಡು ಕೂತ.

ಅರ್ಧ ಗಂಟೆಯಾಯಿತು. ಕೆಳಗಿನಿಂದ ಆನಂದಪ್ಪನವರು ಇಳಿ ಅಂದರು, ಮುನೀಂದ್ರ ಒಂದೊಂದೇ ಕಾಲು ಇಡು ಭಾವ ಅಂದ. ನಂದಕುಮಾರ ಅಲುಗಲಿಲ್ಲ. ಎಂಟುನೂರು ಗಂಟೆಯ ಅನುಭವದಲ್ಲಿ ಅವನು ಕಲಿಯದೇ ಉಳಿದಿದ್ದ ವಿದ್ಯೆ ಅದೊಂದೇ.

ಗುಂಪನ್ನು ಸರಿಸಿಕೊಂಡು ಮುನಿಕೃಷ್ಣಮ್ಮ ಮುಂದೆ ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು.

"ಇಳಿಯಾಕ್ ಮುಂಚೆ ಒಂದ್ ಸಲ ನೋಡಪ್ಪ. ನನ್ ಮೇಕೆ ಎಲ್ಲಾರ ಕಾಣ್ತದಾ?"

ಅವನು ಟ್ಯಾಂಕಿನ ಮರೆಯಿಂದ ಕತ್ತು ಹೊರಳಿಸಿದ. ಮೇಕೆ ಕಾಣುತ್ತಿತ್ತು. ವೆಂಕಟಸ್ವಾಮಿಯ ಎರಡನೇ ಗೋಡೌನಿನ ಮೇಲೆ, ಸರ್ಕಾರಿ ಬೇಲಿಯ ಒಳಗೆ, ದಪ್ಪಗಾಗಿ ನಿಂತು ಜೊಂಡು ಮೇಯುತ್ತಿತ್ತು. ಕೊರಳಲ್ಲಿ ವೆಂಕಟಸ್ವಾಮಿಯ ಹಗ್ಗವಿತ್ತು. ವೆಂಕಟಸ್ವಾಮಿ ಏಣಿಯ ಪಕ್ಕದಲ್ಲೇ ನಿಂತು ಅವನನ್ನೇ ನೋಡುತ್ತಿದ್ದ. ಮೇಲಿನಿಂದ ಕಂಡದ್ದನ್ನು ಕೆಳಗೆ ಹೇಳಿದರೆ ಏನಾಗುತ್ತದೆ ಅನ್ನುವುದು ಈಗ ನಂದಕುಮಾರನಿಗೆ ಗೊತ್ತಿತ್ತು.

"ಏನೂ ಕಾಣ್ತಿಲ್ಲ ಮುನಿಕೃಷ್ಣಮ್ಮ," ಎಂದ, ಟ್ಯಾಂಕನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು. "ಇಲ್ಲಿ ಸಿಕ್ಕಾಪಟ್ಟೆ ಮೋಡ."